ರಂಪಣಿ ಎಂದರೆ ಎಷ್ಟು ಜನ

ಕರಾವಳಿಯವರಿಗೆ ‘ರಂಪಣಿ’ ಒಂದು ಬಲೆಯ ಹೆಸರು. ಒಬ್ಬನೇ ಹೆಗಲಿಗೆ ಹಾಕಿಕೊಂಡು ಹೋಗುವ ಬೀಸುಬಲೆಯಲ್ಲ. ತುಂಡಿಗೆ ತುಂಡು ಜೋಡಿಸಿ ಕಿಲೋಮೀಟರಿನಷ್ಟು ಉದ್ದವಾಗುತ್ತಿದ್ದ ಬಲೆ. ಊರಿನ ಗಂಡಸರೆಲ್ಲ ಇಳಿಯದೆ ಅದು ಕದಲುತ್ತಿರಲಿಲ್ಲ. ಹಾಗಾಗಿ ಬಲೆಗಿಂತ ಹೆಚ್ಚಾಗಿ ಜನರ ಗುಂಪೇ ನನಗೆ ಆ ಹೆಸರಿನಲ್ಲಿ ಕೇಳಿಸುತ್ತದೆ.

ಮಳೆಗಾಲ ಕಳೆದು ಬಂಗುಡೆ, ಬೂತಾಯಿ ಹಿಂಡುಗಳು ದಡದತ್ತ ಬರುವ ತಿಂಗಳುಗಳಲ್ಲಿ, ನೀರಿನ ಬಣ್ಣ ಮತ್ತು ಹಕ್ಕಿಗಳ ಸುತ್ತಾಟ ನೋಡಿ ಮೀನೆಲ್ಲಿದೆಯೆಂದು ಹೇಳಬಲ್ಲ ಅನುಭವಸ್ಥರಿರುತ್ತಿದ್ದರು. ಹಗ್ಗದ ಒಂದು ತುದಿ ದಡದವರ ಕೈಯಲ್ಲಿ. ದೋಣಿ ಬಲೆ ಬಿಡುತ್ತ ಕಡಲಲ್ಲಿ ಬಳಸಿ ಬಂದು, ಇನ್ನೊಂದು ತುದಿಯನ್ನು ದೂರದಲ್ಲಿ ದಡ ಸೇರಿಸುತ್ತಿತ್ತು. ಆಮೇಲೆ ಗಂಟೆಗಟ್ಟಲೆ ಎಳೆತ. ಕಾಲಡಿಯ ಮರಳನ್ನು ತೆರೆ ಕೊಚ್ಚಿಕೊಂಡು ಹೋಗುತ್ತಿದ್ದರೂ ಹಿಮ್ಮಡಿ ಊರಿ ನಿಲ್ಲಬೇಕು. ಎರಡು ಸಾಲೂ ಒಂದೇ ಹದದಲ್ಲಿ ಎಳೆಯಬೇಕು. ಅಡಿಹಗ್ಗ ನೆಲ ಬಿಟ್ಟು ಎದ್ದರೆ ಮೀನು ನುಸುಳಿ ಹೋಯಿತೆಂದೇ ಲೆಕ್ಕ. ಹಿಂಡು ತೀರಾ ದೊಡ್ಡದಾದರೆ ಬಲೆಯನ್ನು ನೀರಿನಲ್ಲೇ ಕಟ್ಟಿ ನಿಲ್ಲಿಸಿ, ದಿನವೂ ಒಂದಿಷ್ಟು ಮೀನು ತೆಗೆಯುತ್ತಿದ್ದುದೂ ಉಂಟು.

1970ರ ದಶಕದ ನಡುವಿನಲ್ಲಿ ಪರ್ಸೀನ್ ಬೋಟುಗಳು ಬಂದವು. ಹಿಂಡು ದಡ ಮುಟ್ಟುವ ಮುಂಚೆಯೇ ಅವು ಅದನ್ನು ಆಳದಲ್ಲಿ ಸುತ್ತುವರಿದವು. ದೊಡ್ಡ ರಂಪಣಿ ಕೆಲವೇ ವರ್ಷಗಳಲ್ಲಿ ಮೂಲೆ ಸೇರಿತು.

ಹೆಸರು ಮಾತ್ರ ಸಾಯಲಿಲ್ಲ. ಗೋವೆಯಲ್ಲಿ ಇದೇ ಬಲೆ ‘ರಾಂಪಣ್’; ಎಳೆಯುವವರು ರಾಂಪಣಕಾರರು. ಅದೇ ದಶಕದಲ್ಲಿ ಟ್ರಾಲರುಗಳ ವಿರುದ್ಧ ಅವರು ಎದ್ದು ನಿಂತಾಗ ಕಸುಬಿನ ಹೆಸರೇ ಚಳವಳಿಯ ಹೆಸರಾಯಿತು. ನಮ್ಮಲ್ಲಿ ಅದು ‘ಕೈರಂಪಣಿ’ಯಲ್ಲಿ ಉಳಿದಿದೆ. ಇಲ್ಲಿ ‘ಕೈ’ ಎಂದರೆ ಕೈದೋಟದಲ್ಲಿರುವಂತೆ ಚಿಕ್ಕದು ಎಂದಷ್ಟೇ. ದೊಡ್ಡದನ್ನೂ ಎಳೆದದ್ದು ಕೈಗಳೇ. ಉಡುಪಿ ಕಡೆ ‘ಕೈರಂಪಣಿ ಫಂಡ್’ ಎಂಬ ಮಾತೂ ಇದೆ: ಬಲೆ, ದೋಣಿ, ಎಳೆಯುವವರು, ಪಾಲು ಎಲ್ಲವೂ ಸೇರಿದ ಕೂಟ. ಫಂಡ್ ಎಂಬ ಇಂಗ್ಲಿಷ್ ಶಬ್ದಕ್ಕೆ ಇಷ್ಟು ಒಳ್ಳೆಯ ಒಡನಾಟ ಬೇರೆಲ್ಲೂ ಸಿಕ್ಕಿರಲಾರದು.

ಜೂನ್, ಜುಲೈನಲ್ಲಿ ಯಾಂತ್ರಿಕ ಬೋಟುಗಳಿಗೆ ನಿಷೇಧವಿರುವಾಗ ಹಲವು ಮನೆಗಳಿಗೆ ಈ ಕೈರಂಪಣಿಯೂ ನಾಡದೋಣಿಯೂ ಆಸರೆ. ಕೈರಂಪಣಿಗೆ ಬೇಕಾದದ್ದು ಮರಳಿನ ದಡ. ಕಡಲ್ಕೊರೆತಕ್ಕೆಂದು ಬಂಡೆ ಸುರಿದ ಕಡೆ ಬಲೆ ಎಳೆಯಲಾಗದು, ಎಳೆದರೆ ಹರಿಯುತ್ತದೆ. ಎಲ್ಲಿ ಬಂಡೆ ಬೀಳಬೇಕು, ಎಲ್ಲಿ ಮರಳು ಉಳಿಯಬೇಕು ಎಂದು ಗುರುತು ಹಾಕುವ ದಿನ ಆ ಫಂಡಿನವರನ್ನೂ ಕರೆದು ಕೇಳಬೇಕು.