ಲವಂಗ, ನೆಲಗುಳ್ಳ ಮತ್ತು ಕಲಬುರಗಿಯ ದಾರಿ

ಹಳ್ಳಿಯವರ ಹಲ್ಲು ಹಾಳಾದದ್ದು ಮೂಢನಂಬಿಕೆಯಿಂದ ಎಂಬ ಮಾತನ್ನು ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿಗಳ ಮಟ್ಟಿಗೆ ನಾನು ಒಪ್ಪುವುದಿಲ್ಲ. ಇಲ್ಲಿನ ತೊಗರಿ ಹೊಲದಲ್ಲಿ, ಕುರಿಹಟ್ಟಿಯಲ್ಲಿ ಹಲ್ಲುನೋವು ಜೀವಕ್ಕೇ ಕುತ್ತಾಗುವಷ್ಟು ಬೆಳೆದದ್ದಕ್ಕೆ ಮುಖ್ಯ ಕಾರಣ ದಂತವೈದ್ಯರಿಗಿರುವ ದೂರ. ಹುಳುಕು ಹಲ್ಲಿನಲ್ಲಿ ಹುಳವಿದೆ ಎಂಬ ನಂಬಿಕೆ ಬಾಬಿಲೋನಿಯಾದ ಮಣ್ಣಿನ ಫಲಕಗಳಲ್ಲೂ ಇದೆ. ಸುಶ್ರುತಸಂಹಿತೆ ಈ ರೋಗವನ್ನು ಕೃಮಿದಂತಕ ಎಂದೇ ಕರೆಯುತ್ತದೆ. ಯುರೋಪಿನಲ್ಲಿ ದಂತವೈದ್ಯ ಪಿಯರ್ ಫೋಶಾರ್ 1728ರ ತನ್ನ ಗ್ರಂಥದಲ್ಲಿ ಹುಳದ ಮಾತನ್ನು ಅಲ್ಲಗಳೆಯುವ ಕಾಲಕ್ಕೂ ಅಲ್ಲಿ ಅದನ್ನು ನಂಬುವವರಿದ್ದರು. ಹೀಗಿರುವಾಗ ಹುಳ ಸಾಯಲೆಂದು ಹಲ್ಲಿಗೆ ನೆಲಗುಳ್ಳದ ಬೀಜದ ಹೊಗೆ ಹಿಡಿದವರನ್ನು ಮಾತ್ರ ಹೀಗಳೆಯುವುದು ಅನ್ಯಾಯ. ಲವಂಗದ ವಿಷಯದಲ್ಲಂತೂ ಜನರೇ ಸರಿ: ಅದರ ಎಣ್ಣೆಯಲ್ಲಿರುವ ಯೂಜಿನಾಲ್ ನೋವನ್ನು ಮಂಕುಗೊಳಿಸುತ್ತದೆ, ಸತುವಿನ ಆಕ್ಸೈಡ್ ಜೊತೆ ಅದನ್ನು ಕಲಸಿ ದಂತವೈದ್ಯರೇ ಹಲ್ಲಿನ ಕುಳಿಗೆ ತಾತ್ಕಾಲಿಕವಾಗಿ ತುಂಬುತ್ತಾರೆ.

ಹಾಗಾದರೆ ದೂರದ ಲೆಕ್ಕ ನೋಡೋಣ. ದಂತವೈದ್ಯರ ಕಾಯ್ದೆ ಬಂದದ್ದು 1948ರಲ್ಲಿ. ನಿಜಾಮರ ಆಳ್ವಿಕೆಯಿಂದ ಈ ಸೀಮೆ ಬಿಡುಗಡೆಯಾದದ್ದೂ ಅದೇ ವರ್ಷದ ಸೆಪ್ಟೆಂಬರಿನಲ್ಲಿ. ಬೆಂಗಳೂರಿನ ಸರ್ಕಾರಿ ದಂತವೈದ್ಯ ಕಾಲೇಜು 1958ರದು. ಕಲಬುರಗಿಯಲ್ಲಿ ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆಯ ದಂತವೈದ್ಯ ಕಾಲೇಜು ತೆರೆಯಲು 1986 ಬರಬೇಕಾಯಿತು. ಅಲ್ಲಿಯವರೆಗಿನ ಬಹುಪಾಲು ಜನರಿಗೆ ಲವಂಗ ಮತ್ತು ಇಕ್ಕಳ ಇಷ್ಟೇ ಗತಿ. ಇನ್ನು ಜೇವರ್ಗಿಗೂ ಕಲಬುರಗಿಗೂ ನಡುವೆ ಭೀಮಾ ಹರಿಯುತ್ತಾಳೆ. 2020ರ ಅಕ್ಟೋಬರಿನಲ್ಲಿ ಉಕ್ಕಿ ಬಂದ ಅವಳು ಅಫಜಲಪುರ, ಜೇವರ್ಗಿಯ ಹಳ್ಳಿಗಳನ್ನು ನೀರಿನ ನಡುವೆ ನಿಲ್ಲಿಸಿದಳು. ಸೇತುವೆಗಳಿರುವ ಕಾಲದಲ್ಲೇ ಹೀಗಾದರೆ, ಹಿಂದಿನ ಮಳೆಗಾಲಗಳಲ್ಲಿ ದವಡೆ ಊದಿಸಿಕೊಂಡು ಕುಳಿತವರ ಪಾಡನ್ನು ಊಹಿಸಬಹುದು.

ಮನೆಮದ್ದು ಅಷ್ಟು ವಿವೇಕದ್ದಾದರೆ ಕೇಡು ಎಲ್ಲಿಂದ ಬಂತು ಎಂದು ಕೇಳಬಹುದು. ನೋವು ಅಡಗಿದ ಮಾತ್ರಕ್ಕೆ ಕೀವು ಅಡಗುವುದಿಲ್ಲ, ಕೇಡು ಇಲ್ಲಿದೆ. ಕೆಳದವಡೆಯ ಹಲ್ಲಿನ ಸೋಂಕು ನಾಲಿಗೆಯ ಅಡಿಗೆ, ಕುತ್ತಿಗೆಗೆ ಇಳಿದು ಉಸಿರನ್ನೇ ಕಟ್ಟಿಸಬಲ್ಲದು; ಜರ್ಮನಿಯ ವೈದ್ಯ ಲುಡ್‌ವಿಗ್ 1836ರಲ್ಲೇ ಇದನ್ನು ವಿವರಿಸಿದ್ದ. ಜ್ವರ, ಬಾಯಿ ತೆರೆಯಲಾಗದಿರುವುದು, ನುಂಗಲು ತೊಂದರೆ, ಗದ್ದದಡಿಯ ಬಾವು ಕಂಡ ಮೇಲೆ ಬೆಳಗಿನವರೆಗೂ ಕಾಯಬಾರದು. 2008ರಿಂದ 108 ಆಂಬ್ಯುಲೆನ್ಸ್ ಇದೆ, ರಸ್ತೆಯಿದೆ, ಇನ್ನೂ ದೂರದ ಮಾತೇಕೆ ಎಂಬ ಆಕ್ಷೇಪವೂ ಉಂಟು. ಅದರಲ್ಲಿ ಅರ್ಧ ಸತ್ಯವಿದೆ. ಆದರೆ ಕಬ್ಬು ಕಡಿಯುವ ಗ್ಯಾಂಗಿನವನು, ಹಿಂಡಿನ ಹಿಂದೆ ಅಲೆಯುವ ಕುರಿಗಾಹಿ ಒಂದು ದಿನದ ಕೂಲಿ ಬಿಟ್ಟು, ಹಿಂಡು ಬಿಟ್ಟು ಹೊರಡುವುದು ನೋವು ತಾಳಲಾರದಾದಾಗಲೇ, ಅಷ್ಟರಲ್ಲಿ ತಡವಾಗಿರುತ್ತದೆ. ಬಿದ್ದು ಬೇರುಸಹಿತ ಕಳಚಿದ ಶಾಶ್ವತ ಹಲ್ಲಿನ ಗಡುವು ಇನ್ನೂ ಬಿಗಿ. ಬೇರನ್ನು ಮುಟ್ಟದೆ, ಉಜ್ಜದೆ, ತಕ್ಷಣ ಅದೇ ಕುಳಿಯಲ್ಲಿ ಕೂರಿಸಬೇಕು. ಆಗದಿದ್ದರೆ ಹಾಲಿನಲ್ಲಿ ಇಟ್ಟುಕೊಂಡು ಸುಮಾರು ಒಂದು ಗಂಟೆಯೊಳಗೆ ದಂತವೈದ್ಯರನ್ನು ಮುಟ್ಟಬೇಕು. ಜೇವರ್ಗಿಯಿಂದಲೂ ಆಳಂದದಿಂದಲೂ ಕಲಬುರಗಿಗೆ ಸುಮಾರು 40 ಕಿಲೋಮೀಟರ್, ಅಫಜಲಪುರ ಇನ್ನೂ ದೂರ. ಒಳಹಳ್ಳಿಯವರಿಗೆ ಆ ಒಂದು ಗಂಟೆ ದಾರಿಯಲ್ಲೇ ಮುಗಿಯುತ್ತದೆ. ಈ ಮೂರೂ ತಾಲ್ಲೂಕು ಆಸ್ಪತ್ರೆಗಳಲ್ಲಿ ರಾತ್ರಿಯೂ ದಂತವೈದ್ಯರು ಸಿಗಬೇಕು ಎಂದು ನಾನು ಒತ್ತಾಯಿಸುವುದು ಅದಕ್ಕೇ.