ಎರಡು ನಡುಕಗಳು

ನಮ್ಮಜ್ಜಿ ಧಾರವಾಡ ಸೀಮೆಯ ಸೂಲಗಿತ್ತಿ. ಓದು ಬರಹ ಬಾರದು. ಯಾರದಾದರೂ ಬಸಿರು ಇಳಿದುಹೋದರೆ ಬಿಡದೆ ಕೆಲವು ದಿನ ಅವರ ಮನೆಗೆ ಹೋಗಿ ಬರುತ್ತಿದ್ದಳು. ಹೋದವಳು ಹಣೆ ಮುಟ್ಟುವಳು, ಕಿಬ್ಬೊಟ್ಟೆ ಒತ್ತುವಳು, ಕೊನೆಗೆ ಬಟ್ಟೆಯ ವಾಸನೆ ನೋಡುವಳು. ‘ರಕ್ತಕ್ಕ ಅಂಜಬ್ಯಾಡ್ರಿ, ನಾತಕ್ಕ ಅಂಜ್ರಿ’ ಎನ್ನುವುದು ಅವಳ ಮಾತು. ಅದರಲ್ಲಿ ಅರ್ಧ ತಪ್ಪಿದೆ ಎಂದು ತಿಳಿಯಲು ನನಗೆ ಬಹಳ ವರ್ಷ ಬೇಕಾಯಿತು. ಉಳಿದರ್ಧ ನನ್ನ ಜೀವ ಉಳಿಸಿತು.

2004ರಲ್ಲಿ ನಾನು ಮಾತ್ರೆ ತೆಗೆದುಕೊಂಡು ಗರ್ಭಪಾತ ಮಾಡಿಸಿಕೊಂಡೆ. ಮಿಫೆಪ್ರಿಸ್ಟೋನ್ ಮಾತ್ರೆಗೆ ನಮ್ಮ ದೇಶದಲ್ಲಿ ಒಪ್ಪಿಗೆ ಸಿಕ್ಕಿದ್ದೇ 2002ರಲ್ಲಿ. ದವಾಖಾನೆಯವರು ಕೊಟ್ಟ ಚೀಟಿಯಲ್ಲಿ ಮಾತ್ರೆಗಳ ಹೆಸರು, ಮತ್ತೆ ಬರಬೇಕಾದ ತಾರೀಕು, ಇವೆರಡೇ ಇದ್ದವು. ಎರಡನೆಯ ಬಗೆಯ ಮಾತ್ರೆ ತೆಗೆದುಕೊಂಡ ರಾತ್ರಿ ಹಲ್ಲು ಕಟಕಟ ಎನ್ನುವಷ್ಟು ನಡುಕ ಬಂತು. ಸತ್ತೇ ಹೋಗುತ್ತೇನೆ ಎಂದುಕೊಂಡೆ. ಬೆಳಗಾಗುವಷ್ಟರಲ್ಲಿ ಎಲ್ಲ ಇಳಿದಿತ್ತು. ನಾಲ್ಕನೆಯ ದಿನ ಮತ್ತೆ ನಡುಕ, ಮೈಯೆಲ್ಲ ಕೆಂಡ. ಮೊದಲಿನದೂ ಹೀಗೇ ಬಂದು ಹೋಯಿತಲ್ಲ ಎಂದು ಈ ಸಲ ಕಂಬಳಿ ಹೊದ್ದು ಸುಮ್ಮನೆ ಮಲಗಿದೆ. ಸಂಜೆ ಅಜ್ಜಿ ಫೋನಿನಲ್ಲಿ ಕೇಳಿದಳು: ‘ನಾತ ಬರತೈತೇನು ಯವ್ವಾ?’ ಹೌದೆಂದೆ. ‘ಈಗಿಂದೀಗ ದವಾಖಾನಿಗೆ ಹೋಗು, ನಾಳೆ ಅನಬ್ಯಾಡ’ ಎಂದಳು.

ಗರ್ಭಕೋಶದೊಳಗೆ ಚೂರು ಉಳಿದು ನಂಜಾಗಿತ್ತು. ಸ್ವಚ್ಛ ಮಾಡಿ, ಆಂಟಿಬಯಾಟಿಕ್ ಕೊಟ್ಟರು. ಬದುಕಿದೆ.

ಈ ನಂಜಿನ ಚರಿತ್ರೆಯನ್ನು ಸಾಮಾನ್ಯವಾಗಿ 1847ರ ವಿಯೆನ್ನಾದಿಂದ ಶುರುಮಾಡುತ್ತಾರೆ. ಅಲ್ಲಿನ ದೊಡ್ಡಾಸ್ಪತ್ರೆಯಲ್ಲಿ ಹೆರಿಗೆಯ ಎರಡು ವಿಭಾಗಗಳಿದ್ದವು. ವೈದ್ಯರೂ ವಿದ್ಯಾರ್ಥಿಗಳೂ ನೋಡಿಕೊಳ್ಳುತ್ತಿದ್ದ ವಿಭಾಗದಲ್ಲಿ 1846ರಲ್ಲಿ ನೂರಕ್ಕೆ 11ಕ್ಕೂ ಹೆಚ್ಚು ಬಾಣಂತಿಯರು ಸತ್ತರು. ಸೂಲಗಿತ್ತಿಯರ ವಿಭಾಗದಲ್ಲಿ ಸತ್ತವರು ನೂರಕ್ಕೆ 3ಕ್ಕಿಂತ ಕಡಿಮೆ. ಹೆಣ ಕೊಯ್ದ ಕೈಯಲ್ಲೇ ವೈದ್ಯರು ಹೆರಿಗೆ ಕೋಣೆಗೆ ಬರುತ್ತಿದ್ದುದೇ ಕಾರಣ ಎಂದು ಇಗ್ನಾಜ್ ಸೆಮ್ಮೆಲ್ವೈಸ್ ಕಂಡುಕೊಂಡ. ಕ್ಲೋರಿನ್ ಸುಣ್ಣದ ನೀರಿನಲ್ಲಿ ಕೈ ತೊಳೆಸಿದ ಮೇಲೆ, 1848ರ ಹೊತ್ತಿಗೆ, ಸಾವು ನೂರಕ್ಕೆ ಒಂದರ ಆಸುಪಾಸಿಗೆ ಇಳಿಯಿತು. ಹೆರಿಗೆಯಾಗಲಿ ಗರ್ಭಪಾತವಾಗಲಿ, ಆಮೇಲೆ ಗರ್ಭಕೋಶದ ಒಳಗೋಡೆ ಹಸಿಗಾಯದಂತಿರುತ್ತದೆ. ಅದರ ಬಾಯಿ ಕೆಲಕಾಲ ತೆರೆದಿರುತ್ತದೆ. ಒಳಗೆ ಚೂರು ಉಳಿದರಂತೂ ರೋಗಾಣುವಿಗೆ ಹಬ್ಬ. 1936ರ ಹೊತ್ತಿಗೆ ಲಂಡನ್ನಿನಲ್ಲಿ ಲೆನಾರ್ಡ್ ಕೋಲ್‌ಬ್ರೂಕ್ ಪ್ರೋಂಟೋಸಿಲ್ ಎಂಬ ಸಲ್ಫಾ ಔಷಧಿಯಿಂದ ಬಾಣಂತಿಯರ ನಂಜಿಗೆ ಚಿಕಿತ್ಸೆ ಮಾಡಿ ತೋರಿಸಿದರು. ಆಮೇಲೆ ಪೆನಿಸಿಲಿನ್ ಬಂತು.

ಔಷಧಿ ಬಂದರೂ ಹೆಂಗಸು ಬಾಯಿ ಬಿಡಬೇಕಲ್ಲ! 1860ರ ಭಾರತೀಯ ದಂಡಸಂಹಿತೆಯ 312ನೇ ಕಲಮಿನ ಪ್ರಕಾರ ಗರ್ಭ ಇಳಿಸಿಕೊಂಡವಳೂ ಅಪರಾಧಿಯೇ ಆಗಿದ್ದಳು. ಕಡ್ಡಿ ಹಾಕಿಸಿಕೊಂಡವಳು ಜ್ವರ ಬಂದರೂ ಹೇಳುವಂತಿರಲಿಲ್ಲ. 1964ರಲ್ಲಿ ನೇಮಕವಾದ ಶಾಂತಿಲಾಲ್ ಶಾ ಸಮಿತಿಯ ಶಿಫಾರಸಿನ ಮೇಲೆ 1971ರಲ್ಲಿ ವೈದ್ಯಕೀಯ ಗರ್ಭಪಾತ ಕಾಯ್ದೆ ಬಂತು, 1972ರ ಏಪ್ರಿಲ್ 1ರಿಂದ ಜಾರಿಯಾಯಿತು. ಕಾಯ್ದೆ ಬಂದ ಮಾತ್ರಕ್ಕೆ ನಾಚಿಕೆ ಹೋಗಲಿಲ್ಲ. ನಾನೂ ಅಜ್ಜಿ ಕೇಳುವವರೆಗೆ ಯಾರಿಗೂ ಹೇಳಿರಲಿಲ್ಲ.

2012ರ ನವೆಂಬರಿನಲ್ಲಿ ಬೆಳಗಾವಿಯ ಮಗಳು ಸವಿತಾ ಹಾಲಪ್ಪನವರ ಸುದ್ದಿ ಓದಿದಾಗ ನನಗೆ ಆ ಎರಡನೆಯ ನಡುಕ ನೆನಪಾಯಿತು. ಮೂವತ್ತೊಂದು ವರ್ಷದ ದಂತವೈದ್ಯೆ, ಹದಿನೇಳು ವಾರದ ಗರ್ಭಿಣಿ. ಅಕ್ಟೋಬರ್ 21ರಂದು ಐರ್ಲೆಂಡಿನ ಗಾಲ್ವೇ ನಗರದ ಆಸ್ಪತ್ರೆ ಸೇರಿದರು. ಗರ್ಭ ಉಳಿಯುವುದಿಲ್ಲ ಎಂದು ವೈದ್ಯರೇ ಹೇಳಿದ್ದರು. ಹಾಗಾದರೆ ತೆಗೆದುಬಿಡಿ ಎಂದು ಕೇಳಿಕೊಂಡರೆ, ಭ್ರೂಣದ ಎದೆಬಡಿತ ಇರುವವರೆಗೆ ಕಾನೂನು ಬಿಡುವುದಿಲ್ಲ ಎಂಬ ಉತ್ತರ ಸಿಕ್ಕಿತು. 24ರ ನಸುಕಿನ ನಾಲ್ಕೂಕಾಲರ ಹೊತ್ತಿಗೆ ಸವಿತಾ ಚಳಿಯಿಂದ ನಡುಗತೊಡಗಿದರು. ಕೊಟ್ಟದ್ದು ಕಂಬಳಿ ಮತ್ತು ಪ್ಯಾರಾಸಿಟಮಾಲ್. ಆರೂವರೆಗೆ ನೋಡಿದಾಗ ಜ್ವರ 39.6 ಡಿಗ್ರಿ ಸೆಲ್ಸಿಯಸ್, ನಾಡಿ ನಿಮಿಷಕ್ಕೆ 160, ಸ್ರಾವದಲ್ಲಿ ದುರ್ವಾಸನೆ. ಅಜ್ಜಿ ಹುಡುಕುತ್ತಿದ್ದ ಗುರುತುಗಳೇ! ಅಕ್ಟೋಬರ್ 28ರಂದು ಸವಿತಾ ತೀರಿಕೊಂಡರು. ಅವರನ್ನು ಉಳಿಸಬಹುದಾಗಿದ್ದ ಹದಿಮೂರು ಅವಕಾಶಗಳು ಕೈತಪ್ಪಿದವು ಎಂದು ಅಲ್ಲಿನ ಆರೋಗ್ಯ ಗುಣಮಟ್ಟ ಪ್ರಾಧಿಕಾರದ 2013ರ ವರದಿ ಎಣಿಸಿ ಹೇಳಿತು. 2018ರ ಮೇ 25ರ ಜನಮತಗಣನೆಯಲ್ಲಿ ಐರ್ಲೆಂಡಿನ 66.4 ಶೇಕಡಾ ಮತದಾರರು 1983ರ ಆ ಸಂವಿಧಾನ ತಿದ್ದುಪಡಿಯನ್ನು ತೆಗೆದುಹಾಕಿದರು.

ಹಾಗಾದರೆ ಸಹಜವಾದದ್ದು ಯಾವುದು, ನಂಜು ಯಾವುದು? ನನಗೆ ಆಗ ಯಾರೂ ಹೇಳದ್ದನ್ನು ಇಲ್ಲಿ ಬರೆದಿಡುತ್ತೇನೆ. ಒಂದೆರಡು ವಾರ ರಕ್ತ ಹೋಗುವುದು, ಆಮೇಲೂ ಕೆಲವು ದಿನ ಅಷ್ಟಿಷ್ಟು ಕಲೆ ಕಾಣುವುದು, ಮುಟ್ಟಿನ ನೋವಿನಂತೆ ಹೊಟ್ಟೆ ಹಿಂಡಿ ದಿನದಿಂದ ದಿನಕ್ಕೆ ಕಡಿಮೆಯಾಗುವುದು ಸಹಜ. ಮಿಸೊಪ್ರೊಸ್ಟಾಲ್ ಮಾತ್ರೆ ತೆಗೆದುಕೊಂಡ ದಿನ ಚಳಿ, ಸಣ್ಣ ಜ್ವರ, ಭೇದಿ ಆಗಬಹುದು. ನನ್ನ ಮೊದಲ ನಡುಕ ಅದೇ. ಮುಟ್ಟು ನಾಲ್ಕರಿಂದ ಎಂಟು ವಾರದೊಳಗೆ ಮರಳುತ್ತದೆ.

ಒಂದು ದಿನ ಕಳೆದ ಮೇಲೂ 38 ಡಿಗ್ರಿ ಸೆಲ್ಸಿಯಸ್, ಎಂದರೆ 100.4 ಡಿಗ್ರಿ ಫ್ಯಾರನ್‌ಹೀಟ್, ಅಥವಾ ಹೆಚ್ಚು ಜ್ವರವಿದ್ದರೆ, ಹೊಟ್ಟೆನೋವು ಇಳಿಯದೆ ಏರುತ್ತಿದ್ದರೆ, ಸ್ರಾವ ನಾರುತ್ತಿದ್ದರೆ ಅದೇ ದಿನ ವೈದ್ಯರ ಬಳಿ ಹೋಗಬೇಕು. ಅಜ್ಜಿಯ ಮಾತು ತಪ್ಪಿದ್ದು ರಕ್ತದ ವಿಷಯದಲ್ಲಿ. ಗಂಟೆಗೆ ಎರಡು ದೊಡ್ಡ ಪ್ಯಾಡಿನಂತೆ ಸತತ ಎರಡು ಗಂಟೆ ಪೂರ್ತಿ ನೆನೆದರೆ, ತಲೆಸುತ್ತಿ ಬಿದ್ದರೆ, ಅದಕ್ಕೆ ಅಂಜಲೇಬೇಕು. ಜ್ವರವೂ ಎಲ್ಲ ಸಲ ಸಾಕ್ಷಿ ಹೇಳುವುದಿಲ್ಲ. ಮಾತ್ರೆಯ ಗರ್ಭಪಾತದ ನಂತರ ಕ್ಲಾಸ್ಟ್ರಿಡಿಯಂ ಸಾರ್ಡೆಲ್ಲಿ ಎಂಬ ಅತಿ ವಿರಳ ರೋಗಾಣುವಿನಿಂದ ಅಮೆರಿಕದಲ್ಲಿ ನಾಲ್ವರು ಸತ್ತದ್ದು 2005ರಲ್ಲಿ ವರದಿಯಾಯಿತು. ಆ ನಂಜಿನಲ್ಲಿ ಜ್ವರವೇ ಕಾಣಿಸದಿರಬಹುದು. ಹಾಗಾಗಿ ಒಂದು ದಿನ ಕಳೆದ ಮೇಲೂ ವಾಂತಿ, ಭೇದಿ, ತೀರಾ ನಿತ್ರಾಣ ಇದ್ದರೆ ಜ್ವರವಿಲ್ಲ ಎಂದು ಸುಮ್ಮನಿರಬಾರದು.

ಅಜ್ಜಿ ಈಗಿಲ್ಲ. ಪರಿಚಯದ ಹುಡುಗಿಯರು ಇಂಥ ಹೊತ್ತಿನಲ್ಲಿ ಅಂಜುತ್ತಂಜುತ್ತ ಫೋನ್ ಮಾಡಿದರೆ ಯಾರು, ಯಾಕೆ ಎಂದು ನಾನು ಕೇಳುವುದಿಲ್ಲ. ಎಷ್ಟನೆಯ ದಿನ, ಜ್ವರ ಎಷ್ಟು, ಎಷ್ಟು ಪ್ಯಾಡ್, ನಾತ ಬರುತ್ತಿದೆಯೇ ಎಂದು ಕೇಳುತ್ತೇನೆ.