ಮೂರು ಕಂಪನಿಗಳ ಗಡಿಯಲ್ಲಿ ಒಂದು ಯೂನಿಟ್ಟಿನ ಬೆಲೆ

ಅಜ್ಜಂಪುರದ ನಮ್ಮ ಮನೆಗೆ ಕರೆಂಟ್ ಕೊಡುವುದು ಮೆಸ್ಕಾಂ. ತಂಗಿಯನ್ನು ಕೊಟ್ಟಿರುವುದು ಪಕ್ಕದ ಹೊಸದುರ್ಗಕ್ಕೆ, ಅಲ್ಲಿ ಬೆಸ್ಕಾಂ. ಸೋದರಮಾವನ ಮನೆ ಕಡೂರು ದಾಟಿದರೆ ಸಿಗುವ ಬಾಣಾವರದಲ್ಲಿ. ಅದು ಅರಸೀಕೆರೆ ತಾಲ್ಲೂಕು, ಹಾಗಾಗಿ ಸೆಸ್ಕ್. ಹಬ್ಬಕ್ಕೆ ಎಲ್ಲರೂ ಸೇರಿದರೆ ಮಳೆ, ಅಡಿಕೆ ಧಾರಣೆಯ ಮಾತು ಮುಗಿದ ಮೇಲೆ ಮಾವ ಕೇಳುವುದು ಒಂದೇ: "ನಿಮ್ಮ ಕಡೆ ಯೂನಿಟ್ಟಿಗೆ ಎಷ್ಟು ಬೀಳ್ತದಪ್ಪ?"

ಮಾವ ಇವತ್ತಿಗೂ ಕರೆಂಟ್ ಆಫೀಸಿಗೆ ಕೆಇಬಿ ಅಂತಲೇ ಹೇಳುವುದು. ಹಳೇ ಮೈಸೂರಿನಲ್ಲಿ ಕರೆಂಟ್ ಸರ್ಕಾರದ ಇಲಾಖೆಯ ಕೈಯಲ್ಲಿತ್ತು. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ತಂತಿ ಎಳೆದದ್ದೂ, 1948ರಲ್ಲಿ ಜೋಗದ ವಿದ್ಯುದಾಗಾರ ಶುರುಮಾಡಿದ್ದೂ ಸರ್ಕಾರವೇ. ಅತ್ತ ಹುಬ್ಬಳ್ಳಿ, ಬೆಳಗಾವಿಯಂಥ ಊರುಗಳಲ್ಲಿ ಖಾಸಗಿ ಕಂಪನಿಗಳು ಕರೆಂಟ್ ಮಾರುತ್ತಿದ್ದವು. 1957ರ ಅಕ್ಟೋಬರ್‌ನಲ್ಲಿ ವಿದ್ಯುಚ್ಛಕ್ತಿ ಮಂಡಳಿ ಬಂತು. ಮುಂದೆ ಅದೇ ಕೆಇಬಿ.

ತರೀಕೆರೆ ತಾಲ್ಲೂಕಿನ ಲಕ್ಕವಳ್ಳಿಯಲ್ಲಿ ಭದ್ರಾ ಅಣೆಕಟ್ಟೆ ಇದೆ, ವಿದ್ಯುದಾಗಾರವೂ ಇದೆ. ಆದರೆ ಮಂಡಳಿಯ ಕಾಲದಲ್ಲೂ ಅಲ್ಲಿ ಹುಟ್ಟುವ ಕರೆಂಟು ತರೀಕೆರೆಯವರಿಗೆ ಒಂದು ಪೈಸೆಯೂ ಸೋವಿಯಾಗಲಿಲ್ಲ. ಅದು ಸರಿಯೆಂದೇ ನನ್ನ ಅಭಿಪ್ರಾಯ. ನೀರಿದ್ದ ಊರಿಗೆ ಒಂದು ದರ, ಬಯಲು ಸೀಮೆಗೆ ಇನ್ನೊಂದು ದರ ಅಂತ ಮಾಡಿದ್ದರೆ ಕಡೂರಿನ ಒಣಭೂಮಿಯವರು ದೀಪ ಹಚ್ಚುವುದಕ್ಕೂ ಹಿಂದೆಮುಂದೆ ನೋಡಬೇಕಿತ್ತು. 1979-80ರಲ್ಲಿ ಬಂದ ಭಾಗ್ಯಜ್ಯೋತಿ ಬಡವರ ಮನೆಗೆ ಒಂದೊಂದು ಬಲ್ಬು ಕೊಟ್ಟಿದ್ದೂ ಈ ಹಂಚಿ ತಿನ್ನುವ ಬುದ್ಧಿಯಿಂದಲೇ.

ಮಂಡಳಿ ಒಡೆದದ್ದು 1999ರ ಸುಧಾರಣಾ ಕಾಯ್ದೆಯ ನಂತರ. 2002ರ ಜೂನ್‌ನಲ್ಲಿ ಮೆಸ್ಕಾಂ, ಬೆಸ್ಕಾಂನಂಥ ಕರೆಂಟ್ ಹಂಚುವ ಕಂಪನಿಗಳು, ಅಂದರೆ ಎಸ್ಕಾಂಗಳು, ಹುಟ್ಟಿದವು. ಆಗ ಹಾಸನ, ಮೈಸೂರು ಕಡೆಯೂ ಮೆಸ್ಕಾಂಗೇ ಸೇರಿತ್ತು. 2005ರಲ್ಲಿ ಸೆಸ್ಕ್ ಬೇರೆಯಾದಾಗ ಮಾವನ ಬಿಲ್ಲಿನ ತಲೆಬರಹ ಬದಲಾಯಿತು. ದರ ಮಾತ್ರ ಬದಲಾಗಲಿಲ್ಲ. ಯಾವ ಕಂಪನಿಯ ಖರ್ಚು ಎಷ್ಟೇ ಇರಲಿ, ಅಗ್ಗದ ಜಲವಿದ್ಯುತ್ತಿನ ಪಾಲನ್ನು ಹೆಚ್ಚುಕಡಿಮೆ ಹಂಚಿ, ಸರ್ಕಾರದ ಸಬ್ಸಿಡಿ ಸೇರಿಸಿ, ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ಮನೆಬಳಕೆಯ ದರವನ್ನು ಬಹುಮಟ್ಟಿಗೆ ಒಂದೇ ಆಗಿ ಇಟ್ಟುಕೊಂಡು ಬಂತು. ಪಟ್ಟಣಕ್ಕಿಂತ ಪಂಚಾಯಿತಿ ಊರಿಗೆ ಕೆಲವು ಪೈಸೆ ಕಡಿಮೆ ಇದ್ದ ಕಾಲವೂ ಇತ್ತು.

ನಮ್ಮ ಮೂರು ಮನೆಗಳ ಲೆಕ್ಕ ಬೇರೆಯಾದದ್ದು ಬಿಲ್ಲಿನ ಇನ್ನೊಂದು ಸಾಲಿನಲ್ಲಿ: ಇಂಧನ ಹೊಂದಾಣಿಕೆ ಶುಲ್ಕ. ಕಲ್ಲಿದ್ದಲಿನ ಬೆಲೆ ಏರಿದಾಗ ಪ್ರತಿ ಕಂಪನಿಗೆ ಬಿದ್ದ ಹೊರೆಗೆ ತಕ್ಕಂತೆ ಇದನ್ನು ಹಾಕುತ್ತಾರೆ. 2022ರ ಜುಲೈನಲ್ಲಿ ಯೂನಿಟ್ಟಿಗೆ ಬೆಸ್ಕಾಂ 31 ಪೈಸೆ, ಮೆಸ್ಕಾಂ 21, ಸೆಸ್ಕ್ 19. ಅಕ್ಟೋಬರ್‌ಗೆ ಅದು 43, 24, 34 ಆಯಿತು. ಬಿಲ್ಲುಗಳನ್ನು ತಂತಿಗೆ ಸಿಕ್ಕಿಸಿಡುವ ಅಭ್ಯಾಸ ನಮ್ಮ ಮನೆಯದು. ಒಂದು ದಿನ ಎಲ್ಲ ತೆಗೆದು ಕೂತು ಲೆಕ್ಕ ಹಾಕಿದೆವು. ಅರವತ್ತು ಯೂನಿಟ್ಟಿಗೆ ತಂಗಿ ಕಟ್ಟಬೇಕಾದ ಹೆಚ್ಚುವರಿ 25 ರೂಪಾಯಿ 80 ಪೈಸೆ, ನಾವು ಕಟ್ಟಬೇಕಾದದ್ದು 14 ರೂಪಾಯಿ 40 ಪೈಸೆ. ಮಧ್ಯೆ ಇರುವುದು ಬರೀ ತಾಲ್ಲೂಕಿನ ಗಡಿ.

ಅದಕ್ಕಿಂತ ನನ್ನನ್ನು ಕಾಡುವುದು 2024ರ ಬದಲಾವಣೆ. 2023ರಲ್ಲಿ ನೂರು ಯೂನಿಟ್ಟಿನೊಳಗಿನ ಮನೆಗೆ 4.75 ರೂಪಾಯಿ, ನೂರು ದಾಟಿದರೆ 7 ರೂಪಾಯಿ ಇತ್ತು. 2024ರ ಏಪ್ರಿಲ್‌ನಿಂದ ಹಂತಗಳನ್ನು ತೆಗೆದು ಎಲ್ಲರಿಗೂ 5.90 ಮಾಡಿದರು. ಜಾಸ್ತಿ ಉರಿಸುವವರಿಗೆ ಇಳಿಯಿತು, ಕಡಿಮೆ ಉರಿಸುವವರಿಗೆ ಏರಿತು. 2023ರ ಜುಲೈನಿಂದ ಉಚಿತ ಕರೆಂಟಿನ ಗೃಹಜ್ಯೋತಿ ಯೋಜನೆ ಇರುವುದರಿಂದ ಸಣ್ಣ ಮನೆಗಳಿಗೆ ಆ ಏರಿಕೆ ಕಾಣುತ್ತಿಲ್ಲ. ಆ ಯೋಜನೆ ನಿಂತ ತಿಂಗಳೇ ಕಾಣುತ್ತದೆ. ಹಂತಗಳನ್ನು ತೆಗೆದದ್ದು ತಪ್ಪು.

ದರ ಏರಿಸಬೇಕೆಂದು ಕಂಪನಿ ಅರ್ಜಿ ಹಾಕಿದಾಗ ಯಾರು ಬೇಕಾದರೂ ಲಿಖಿತ ಆಕ್ಷೇಪಣೆ ಸಲ್ಲಿಸಬಹುದು. ಮೆಸ್ಕಾಂ ಅರ್ಜಿಯ ವಿಚಾರಣೆ ಸಾಮಾನ್ಯವಾಗಿ ನಡೆಯುವುದು ಘಟ್ಟದ ಕೆಳಗೆ, ಮಂಗಳೂರಿನಲ್ಲಿ. ಕೂಲಿ ಬಿಟ್ಟು ಅಲ್ಲಿಗೆ ಹೋಗುವವರು ಯಾರು? ಆಯೋಗ ಒಂದು ವರ್ಷವಾದರೂ ಕಡೂರಿಗೆ ಬಂದು ಕೂರಲಿ. ಅಲ್ಲಿಯವರೆಗೆ, ಕಡೂರು, ತರೀಕೆರೆ, ಅಜ್ಜಂಪುರದ ಬಂಧುಗಳೇ, ಪತ್ರಿಕೆಯಲ್ಲಿ ಪ್ರಕಟಣೆ ಬಂದ ಕೂಡಲೇ ಒಂದು ಹಾಳೆಯಲ್ಲಾದರೂ ನಿಮ್ಮ ಆಕ್ಷೇಪಣೆ ಬರೆದು ಕಳಿಸಿ.